ಬಾಯಿ ತೆರೆದ ಮ್ಯಾಂಟಾ: ಹನಿಫಾರು ಕೊಲ್ಲಿಯ ಸ್ನಾರ್ಕೆಲ್ ಪ್ರವಾಸದ ವಿಮರ್ಶೆ

ಕಾಡಿನಲ್ಲಾಗಲಿ ಕಡಲಿನಲ್ಲಾಗಲಿ, ಪ್ರಾಣಿಗಳನ್ನು ತೋರಿಸಲು ಕರೆದೊಯ್ಯುವ ಪ್ರವಾಸಗಳ ಬಗ್ಗೆ ಬರೆಯುವವರು ಎಷ್ಟು ಪ್ರಾಣಿ ಕಂಡವು, ಎಷ್ಟು ಹತ್ತಿರದಿಂದ ಕಂಡವು ಎಂಬ ಲೆಕ್ಕವನ್ನು ಮೊದಲು ಕೊಡುತ್ತಾರೆ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಯಲ್ಲಿ ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ಮೂರು ದಿನ ನೀರಿಗಿಳಿದು ಬಂದ ನಾನು ಈ ವಿಮರ್ಶೆಯನ್ನು ಬೇರೊಂದು ಪ್ರಶ್ನೆಯಿಂದ ಆರಂಭಿಸುತ್ತೇನೆ: ನಾವು ನೋಡಲು ಹೋದ ಮ್ಯಾಂಟಾ ತೊರಕೆಯ ಬಾಯಿ, ಅದು ನಮ್ಮನ್ನು ದಾಟಿ ಹೋಗುವಾಗ ತೆರೆದೇ ಇತ್ತೇ? ಮ್ಯಾಂಟಾ ಈ ಕೊಲ್ಲಿಗೆ ಬರುವುದು ಉಣ್ಣುವುದಕ್ಕೆ. ಉಣ್ಣುವ ಮ್ಯಾಂಟಾ ಬಾಯಿಯನ್ನು ಅಗಲವಾಗಿ ತೆರೆದು, ಬಾಯಿಯ ಎರಡೂ ಬದಿಯಲ್ಲಿರುವ ಕೊಂಬಿನಂತಹ ರೆಕ್ಕೆಗಳನ್ನು ಬಿಡಿಸಿ, ನೀರನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತ ಸಾಗುತ್ತದೆ. ಯಾರಾದರೂ ದಾರಿಗೆ ಅಡ್ಡ ಬಂದರೆ ಬಾಯಿ ಮುಚ್ಚುತ್ತದೆ, ಕೊಂಬುಗಳನ್ನು ಸುರುಳಿ ಸುತ್ತುತ್ತದೆ, ರೆಕ್ಕೆಯ ಒಂದೇ ಬೀಸಿಗೆ ಆಳಕ್ಕಿಳಿದು ಮರೆಯಾಗುತ್ತದೆ. ಉಂಡು ಮುಗಿಯುವ ಮೊದಲೇ ಎಲೆಯ ಮುಂದಿನಿಂದ ಎಬ್ಬಿಸಿದಂತೆ ಅದು. ಹಣ ಪಡೆದು ನಮ್ಮನ್ನು ಅಲ್ಲಿಗೆ ಕರೆದೊಯ್ಯುವವರ ಕೆಲಸ ಚೆನ್ನಾಗಿದೆಯೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ನೇರವಾದ ಅಳತೆ ನನಗೆ ಸಿಕ್ಕಿಲ್ಲ.

ಹನಿಫಾರು ಇರುವುದು ಬಾ ಅಟಾಲ್‌ನ ಪೂರ್ವದ ಅಂಚಿನಲ್ಲಿ. ಹವಳದ ದಿಬ್ಬಗಳು ಉಂಗುರದಂತೆ ಸುತ್ತುವರಿದ ದ್ವೀಪಗುಚ್ಛಕ್ಕೆ ಜಗತ್ತೆಲ್ಲ ಬಳಸುವ ಅಟಾಲ್ ಎಂಬ ಪದ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದಲೇ ಬಂದದ್ದು. ಅದೇ ಭಾಷೆಯಲ್ಲಿ ದೋಣಿಗೆ ನಮ್ಮಂತೆಯೇ ದೋಣಿಯೆಂದು ಹೆಸರು. ಬೆಂಗಳೂರಿನಿಂದ ರಾಜಧಾನಿ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಲ್ಲಿಂದ ಧರವಂಧೂ ದ್ವೀಪಕ್ಕೆ ಇಪ್ಪತ್ತು ನಿಮಿಷದ ಒಳನಾಡು ವಿಮಾನವಿದೆ. ದುಬಾರಿ ರೆಸಾರ್ಟುಗಳನ್ನು ಬಿಟ್ಟು, ಊರಿನ ಜನ ವಾಸಿಸುವ ಈ ದ್ವೀಪದ ಒಂದು ಅತಿಥಿಗೃಹದಲ್ಲಿ ನಾನು, ನನ್ನ ಪತ್ನಿ ಮತ್ತು ಹನ್ನೆರಡು ವರ್ಷದ ಮಗಳು ಉಳಿದುಕೊಂಡೆವು. ಅಲ್ಲಿಂದ ಕೊಲ್ಲಿಗೆ ದೋಣಿಯಲ್ಲಿ ಕಾಲು ಗಂಟೆಯೂ ಬೇಕಾಗುವುದಿಲ್ಲ. ಕೋಣೆ ಶುಚಿಯಾಗಿತ್ತು, ಬೆಳಗಿನ ತಿಂಡಿಗೆ ಕೊಟ್ಟ ತೆಂಗಿನತುರಿ ಬೆರೆಸಿದ ಟ್ಯೂನಾ ಮತ್ತು ರೊಟ್ಟಿ ಕರಾವಳಿಯವನಾದ ನನಗೆ ಮನೆಯ ಊಟದಂತೆಯೇ ರುಚಿಸಿತು. ವಸತಿಯ ವಿಚಾರ ಇಷ್ಟು ಸಾಕು.

ಈ ಪ್ರವಾಸದಲ್ಲಿ ಮಾರಾಟಕ್ಕಿರುವುದು ಏನು ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು, ಏಕೆಂದರೆ ಅಲ್ಲಿನ ನಿಯಮಗಳನ್ನು ತಿಳಿಯದೆ ಹೋದವರು ನಿರಾಶರಾಗಿ ಮರಳುವುದನ್ನು ಕಂಡಿದ್ದೇನೆ. ಹನಿಫಾರುವನ್ನು 2009ರಲ್ಲಿ ಸಂರಕ್ಷಿತ ಸಾಗರ ಪ್ರದೇಶವೆಂದು ಘೋಷಿಸಲಾಯಿತು; 2011ರಲ್ಲಿ ಇಡೀ ಬಾ ಅಟಾಲ್ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿತು. 2012ರಿಂದ ಕೊಲ್ಲಿಯೊಳಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್ ನಿಷಿದ್ಧ. ನೀರಿನ ಮೇಲ್ಮೈಯಲ್ಲಿ ತೇಲುತ್ತ, ಕೊಳವೆಯಿಂದ ಉಸಿರಾಡುತ್ತ ಸ್ನಾರ್ಕೆಲ್ ಮಾಡಲು ಮಾತ್ರ ಅವಕಾಶ, ಅದೂ ಪರವಾನಗಿ ಪಡೆದ ಗೈಡ್ ಜೊತೆಗಿದ್ದರೆ. ಒಂದು ಸಲಕ್ಕೆ ಐದು ದೋಣಿ, ಎಂಬತ್ತು ಜನ. ಪ್ರತಿ ಗುಂಪಿಗೆ 45 ನಿಮಿಷ. ಅಷ್ಟಾದ ಮೇಲೆ ಕಣ್ಣೆದುರಿಗೆ ಐವತ್ತು ಮ್ಯಾಂಟಾ ಸುತ್ತುತ್ತಿದ್ದರೂ ದೋಣಿ ಹತ್ತಲೇಬೇಕು. ರೇಂಜರ್‌ಗಳ ದೋಣಿ ಕೊಲ್ಲಿಯ ಬಾಯಿಯಲ್ಲೇ ನಿಂತಿರುತ್ತದೆ, ಅವರು ಗಡಿಯಾರ ನೋಡಿಯೇ ಒಳಗೆ ಬಿಡುತ್ತಾರೆ. ಪ್ರವೇಶ ಶುಲ್ಕದ ಹಣ ಆ ಅಟಾಲ್‌ನ ಸಂರಕ್ಷಣಾ ನಿಧಿಗೆ ಹೋಗುತ್ತದೆ.

ಈ ನಿಯಮಗಳೇ ಈ ಸೇವೆಯ ಅತ್ಯುತ್ತಮ ಭಾಗವೆಂದು ನಾನು ಹೇಳುತ್ತೇನೆ. ಡೈವರ್ ಬಿಡುವ ಗಾಳಿಗುಳ್ಳೆಗಳು ಕೆಳಗಿನಿಂದ ಮೇಲಕ್ಕೆ ಗೋಡೆಯಂತೆ ಏಳುತ್ತವೆ. ಮ್ಯಾಂಟಾಗಳು ಮೇಯುವ ಪದರವನ್ನೇ ಅವು ಹಾದು ಹೋಗುತ್ತವೆ. ಮೇಲೆ ಅಲುಗಾಡದೆ ತೇಲುವ ಮನುಷ್ಯನಿಂದ ಆ ತೊಂದರೆ ಬಹಳ ಕಡಿಮೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ನಾರ್ಕೆಲ್ ಕಲಿತ ನನ್ನಂಥವರಿಗೆ ಇದೊಂದು ಅನುಕೂಲವೂ ಹೌದು. ಡೈವಿಂಗ್ ತರಬೇತಿಯ ಪ್ರಮಾಣಪತ್ರವಿಲ್ಲದ ಮಗಳು ಕೂಡ ಎಲ್ಲರಷ್ಟೇ ನೋಡಿದಳು.

ಮೊದಲ ದಿನ ನಮಗೆ ಒಂದೂ ಮ್ಯಾಂಟಾ ಕಾಣಲಿಲ್ಲ. ಕೊಲ್ಲಿಯ ನೀರು ತಿಳಿಯಾಗಿತ್ತು, ತಳದ ಮರಳು ಕಾಣುತ್ತಿತ್ತು, ಒಂದು ಕಡಲಾಮೆ ಕೆಳಗೆ ಹುಲ್ಲು ಮೇಯುತ್ತಿತ್ತು. ನೀರು ಹೀಗೆ ತಿಳಿಯಾಗಿದ್ದರೆ ಇಂದು ಊಟ ಬಂದಿಲ್ಲವೆಂದೇ ಅರ್ಥ ಎಂದು ನಮ್ಮ ಗೈಡ್ ದೋಣಿಯಲ್ಲೇ ಹೇಳಿದ್ದರು. ಅದನ್ನು ಅವರು ಹಣ ಪಡೆಯುವ ಮೊದಲೂ ಹೇಳಿದ್ದರು ಎಂಬುದನ್ನು ಇಲ್ಲಿ ದಾಖಲಿಸಬೇಕು: ಹಿಂದಿನ ಸಂಜೆಯೇ, ನಾಳೆ ಉಬ್ಬರ ಅಷ್ಟು ಬಲವಾಗಿಲ್ಲ, ಇನ್ನೆರಡು ದಿನ ಕಾದರೆ ಹುಣ್ಣಿಮೆ, ಆಗ ಹೋದರೆ ಒಳ್ಳೆಯದು ಎಂದಿದ್ದರು. ನಾವೇ ಅವಸರಪಟ್ಟು ಹೋದದ್ದು. ಬರಿಗೈಯಲ್ಲಿ ಬಂದ ದಿನಕ್ಕೂ ಪ್ರವೇಶ ಶುಲ್ಕ ಕೊಡಬೇಕು, ಅದು ವಾಪಸು ಬರುವುದಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ.

ಉಬ್ಬರ, ಹುಣ್ಣಿಮೆ, ಮ್ಯಾಂಟಾ ಇವುಗಳ ನಡುವಿನ ಸಂಬಂಧವನ್ನು ಗೈಡ್ ಒಂದು ಹರಿವಾಣದಲ್ಲಿ ನೀರು ಹಾಕಿ ನಮಗೆ ವಿವರಿಸಿದರು. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಹಿಂದೂ ಮಹಾಸಾಗರದ ಈ ಭಾಗದಲ್ಲಿ ನೈಋತ್ಯ ಮುಂಗಾರಿನ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಆಗುಂಬೆಯ ಮೇಲೆ ಮಳೆ ಸುರಿಸುವ ಅದೇ ಮುಂಗಾರು ಇದು. ದ್ವೀಪಸಾಲನ್ನು ದಾಟಿ ಬರುವ ಈ ಪ್ರವಾಹ ಅಟಾಲ್‌ಗಳ ಪೂರ್ವದ ಬದಿಯಲ್ಲಿ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳನ್ನು ಸಮೃದ್ಧವಾಗಿ ಸೇರಿಸುತ್ತದೆ. ಆದ್ದರಿಂದ ಮ್ಯಾಂಟಾಗಳೂ ಈ ತಿಂಗಳುಗಳಲ್ಲಿ ಪೂರ್ವದ ಬದಿಗೆ ಬರುತ್ತವೆ, ಈಶಾನ್ಯ ಮಾರುತ ಬೀಸತೊಡಗಿದಾಗ ಪಶ್ಚಿಮದ ಬದಿಗೆ ಮರಳುತ್ತವೆ. ರಾತ್ರಿ ಆಳದಿಂದ ಮೇಲೆದ್ದು ಬಂದ ಪ್ಲಾಂಕ್ಟನ್ ಅಟಾಲ್‌ನ ಹೊರಗಿನ ನೀರಿನಲ್ಲಿ ತೇಲುತ್ತಿರುವಾಗ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ಬಲವಾದ ಉಬ್ಬರವು ಮುಂಗಾರಿನ ಪ್ರವಾಹಕ್ಕೆ ಎದುರಾಗಿ ಆ ನೀರನ್ನು ಒಳಕ್ಕೆ ನೂಕುತ್ತದೆ. ಲಾಳಿಕೆಯ ಆಕಾರದ ಹನಿಫಾರು ಕೊಲ್ಲಿಯೊಳಗೆ ಸುಳಿದು ಬಂದ ಪ್ಲಾಂಕ್ಟನ್‌ಗೆ ಹೊರಹೋಗುವ ದಾರಿ ಇರುವುದಿಲ್ಲ. ಫುಟ್‌ಬಾಲ್ ಮೈದಾನದಷ್ಟೇ ಇರುವ ಜಾಗದಲ್ಲಿ ಅದು ಗಂಜಿಯಂತೆ ದಟ್ಟವಾಗುತ್ತದೆ. ಒಮ್ಮೊಮ್ಮೆ ಇನ್ನೂರರವರೆಗೆ ಮ್ಯಾಂಟಾಗಳು ಇಲ್ಲಿ ಒಟ್ಟಿಗೆ ಮೇದದ್ದು ದಾಖಲಾಗಿದೆ; ಅವುಗಳ ಜೊತೆಗೆ ತಿಮಿಂಗಿಲ ಶಾರ್ಕ್ ಕೂಡ ಬರುವುದುಂಟು.

ಎರಡನೆಯ ಸಲ ಹೋದದ್ದು ಹುಣ್ಣಿಮೆಯ ಮಧ್ಯಾಹ್ನ. ದೋಣಿಯಿಂದ ಇಳಿಯುವಾಗಲೇ ನೀರು ಹಸುರಾಗಿ ಮಬ್ಬಾಗಿತ್ತು. ಕೆನ್ನೆಗೆ, ಕುತ್ತಿಗೆಗೆ ಸಣ್ಣಗೆ ಚುಚ್ಚಿದಂತಾಯಿತು; ಮಾಸ್ಕಿನ ಗಾಜಿನ ಮುಂದೆ ರವೆಗಿಂತ ಸಣ್ಣ ಕಣಗಳು ಅತ್ತಿತ್ತ ಜಿಗಿಯುತ್ತಿದ್ದವು. ಅವೇ ಮ್ಯಾಂಟಾಗಳ ಊಟ. ನಾಲ್ಕೈದು ಮೀಟರ್‌ಗಿಂತ ಆಚೆಗೆ ಏನೂ ಕಾಣುತ್ತಿರಲಿಲ್ಲ. ಕೈಗಳನ್ನು ಎದೆಗೆ ಮಡಚಿಕೊಂಡು, ಕಾಲು ಬಡಿಯದೆ ತೇಲುತ್ತಿರಬೇಕೆಂದು ಗೈಡ್ ಹೇಳಿದ್ದರು. ಹಾಗೆ ತೇಲುತ್ತಿರುವಾಗ ಹಸುರು ಮಬ್ಬಿನೊಳಗೆ ಮೊದಲು ಕಾಣಿಸಿಕೊಂಡದ್ದು ಒಂದು ಬಿಳಿಯ ಕಮಾನು. ಅದು ಬಾಯಿ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನನ್ನ ಎರಡು ಕೈ ಚಾಚಿದರೂ ಮೀರುವಷ್ಟು ಅಗಲದ ಮೈ, ಆ ಮೈಯ ಮುಂಭಾಗದಲ್ಲಿ ಹೆಬ್ಬಾಗಿಲಿನಂತೆ ತೆರೆದ ಬಾಯಿ, ಬಾಯಿಯೊಳಗೆ ಎರಡೂ ಕಡೆ ಸಾಲಾಗಿ ಜೋಡಿಸಿದ ಕಿವಿರಿನ ಪಟ್ಟಿಗಳು. ಅವುಗಳ ಸೀಳುಗಳ ಮೂಲಕ ಆಚೆಯ ಬೆಳಕು ಕೂಡ ಒಳಗೆ ಕಾಣುತ್ತಿತ್ತು. ಅದು ನೇರವಾಗಿ ನಮ್ಮ ಕಡೆಗೇ ಬಂತು. ಮೂರು ಮೀಟರ್ ಇರುವಾಗ ರೆಕ್ಕೆಯ ತುದಿಯನ್ನು ಸ್ವಲ್ಪ ಎತ್ತಿ, ನಮ್ಮ ಕೆಳಗಿನಿಂದ ಜಾರಿ ಹೋಯಿತು. ಬಾಯಿ ತೆರೆದೇ ಇತ್ತು. ಹೋಗುವಾಗ ಬದಿಯ ಕಣ್ಣು ಹೊರಳಿ ನಮ್ಮನ್ನು ನೋಡಿದ್ದು ಸ್ಪಷ್ಟವಾಗಿ ಕಂಡಿತು.

ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಒಂದರ ಬಾಲಕ್ಕೆ ಇನ್ನೊಂದರ ಬಾಯಿ ತಾಗುವಷ್ಟು ಹತ್ತಿರದಲ್ಲಿ ಸರತಿಯಾಗಿ ಬಂದವು. ನಾನು ಹದಿನಾಲ್ಕರವರೆಗೆ ಎಣಿಸಿದೆ. ತಿರುಗಿ ಬಂದವನ್ನೇ ಮತ್ತೆ ಎಣಿಸಿರಲೂಬಹುದು. ಹೀಗೆ ಸಾಲುಗಟ್ಟಿ ಮೇಯುವುದು ಅವುಗಳ ಒಂದು ಕ್ರಮ. ಸಾಲಿನ ತಲೆ ಸಾಲಿನ ಬಾಲವನ್ನು ಸೇರಿ ಎಲ್ಲವೂ ಸುಂಟರಗಾಳಿಯಂತೆ ಸುತ್ತತೊಡಗಿದರೆ ಪ್ಲಾಂಕ್ಟನ್ ನಡುವಿಗೆ ಎಳೆದುಕೊಂಡು ಬರುತ್ತದೆ. ಆ ನೋಟಕ್ಕೆ ಈ ಕೊಲ್ಲಿ ಹೆಸರುವಾಸಿ, ಆದರೆ ನಮಗೆ ಅದು ಸಿಗಲಿಲ್ಲ. ಬದಲಿಗೆ ಒಂದೇ ಒಂದು ಮ್ಯಾಂಟಾ ಒಂದೇ ಜಾಗದಲ್ಲಿ ಹಿಂದಕ್ಕೆ ಲಾಗ ಹಾಕುತ್ತ, ಬಿಳಿ ಹೊಟ್ಟೆ ಮೇಲೆ ಮಾಡಿ ಹತ್ತಾರು ಸಲ ಸುತ್ತಿದ್ದನ್ನು ಐದು ನಿಮಿಷ ನೋಡಿದೆವು. ದೋಣಿ ಹತ್ತಿದ ಮೇಲೆ ಮಗಳು ತಲೆ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಮಾತು: “ಅಪ್ಪ, ಅದಕ್ಕೆ ನಾವು ಯಾರು ಅಂತ ಗೊತ್ತಾಗಿರುತ್ತಾ?” ಮೀನುಗಳಲ್ಲೆಲ್ಲ ಅತಿ ದೊಡ್ಡ ಮಿದುಳು ಇರುವುದು ಮ್ಯಾಂಟಾಗಳಿಗೆ ಎಂದು ಗೈಡ್ ಅವಳಿಗೆ ಹೇಳಿದರು, ಯಾರೆಂದು ತಿಳಿದಿರುತ್ತದೆ ಎಂದು ಹೇಳಲಿಲ್ಲ. ಆ ಎಚ್ಚರದ ಉತ್ತರ ನನಗೆ ಹಿಡಿಸಿತು.

ನಾವು ನೋಡಿದ್ದು ರೀಫ್ ಮ್ಯಾಂಟಾ, ವಿಜ್ಞಾನಿಗಳ ಹೆಸರಿನಲ್ಲಿ ಮೊಬುಲಾ ಆಲ್ಫ್ರೆಡಿ. ಮ್ಯಾಂಟಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕಂಬಳಿ; ನೀರಿನಲ್ಲಿ ಬಿಚ್ಚಿ ಹಾಸಿದ ಕರಿ ಕಂಬಳಿಯನ್ನು ಯಾರೋ ನಾಲ್ಕು ತುದಿ ಹಿಡಿದು ಮೆಲ್ಲಗೆ ಅಲುಗಿಸಿದಂತೆ ಅದು ಚಲಿಸುವುದನ್ನು ಕಂಡವರು ಈ ಹೆಸರಿಗೆ ಅರ್ಥ ಕೇಳುವುದಿಲ್ಲ. 2009ರವರೆಗೆ ಜಗತ್ತಿನಲ್ಲಿ ಮ್ಯಾಂಟಾ ಪ್ರಭೇದ ಒಂದೇ ಎಂದು ಭಾವಿಸಲಾಗಿತ್ತು. ತೀರದ ಹವಳದಿಬ್ಬಗಳ ಬಳಿ ಇರುವ ಈ ರೀಫ್ ಮ್ಯಾಂಟಾ ಬೇರೆ, ಏಳು ಮೀಟರ್ ಅಗಲದವರೆಗೂ ಬೆಳೆದು ತೆರೆದ ಸಾಗರದಲ್ಲಿ ಸಂಚರಿಸುವ ದೈತ್ಯ ಮ್ಯಾಂಟಾ ಬೇರೆ ಎಂಬುದು ಆ ವರ್ಷ ಸ್ಥಾಪಿತವಾಯಿತು. ಹನಿಫಾರುವಿನಲ್ಲಿ ಕಾಣುವವು ಸಾಮಾನ್ಯವಾಗಿ ಮೂರು, ಮೂರೂವರೆ ಮೀಟರ್ ಅಗಲದವು. ನಮ್ಮ ಕರಾವಳಿಯಲ್ಲಿ ತೊರಕೆ ಎಂದೊಡನೆ ಬಾಲದ ಮುಳ್ಳು ನೆನಪಾಗುತ್ತದೆ. ಮುಳ್ಳು ಚುಚ್ಚಿಸಿಕೊಂಡ ಮೀನುಗಾರರು ಪಡುವ ಪಾಡನ್ನು ಬಲ್ಲವರಿಗೆ ಅದು ಸಹಜ. ಮ್ಯಾಂಟಾಗೆ ಚುಚ್ಚುವ ಮುಳ್ಳಿಲ್ಲ. ಕಚ್ಚುವ ಅಭ್ಯಾಸವೂ ಇಲ್ಲ. ಈ ಧೈರ್ಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ನನ್ನ ಪತ್ನಿ ಮೊದಲ ದಿನ ದೋಣಿಯ ಏಣಿಯನ್ನು ಬಿಡಲು ಒಪ್ಪಿರಲಿಲ್ಲ.

ಎರಡನೆಯ ದಿನದ ಸಂಜೆ ಅತಿಥಿಗೃಹದ ಅಂಗಳದಲ್ಲಿ ಒಂದು ಗಂಟೆಯ ಉಪನ್ಯಾಸವಿತ್ತು. ಪ್ರವಾಸದ ಹಣದಲ್ಲೇ ಸೇರಿದ ಈ ಉಪನ್ಯಾಸವನ್ನು ಬಿಟ್ಟು ಊಟಕ್ಕೆ ಹೋದ ಅತಿಥಿಗಳು ಕೊಟ್ಟ ಹಣದ ಅರ್ಧವನ್ನು ಬಿಟ್ಟುಕೊಟ್ಟರೆಂದೇ ನನ್ನ ಅಭಿಪ್ರಾಯ. ಮ್ಯಾಂಟಾದ ಹೊಟ್ಟೆಯ ಮೇಲಿನ ಕರಿಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಪ್ರತಿಯೊಂದಕ್ಕೂ ಬೇರೆ. ಹುಟ್ಟಿನಿಂದ ಕೊನೆಯವರೆಗೆ ಬದಲಾಗುವುದಿಲ್ಲ. ಗೈ ಸ್ಟೀವನ್ಸ್ ಎಂಬ ಜೀವವಿಜ್ಞಾನಿ 2005ರಲ್ಲಿ ಮಾಲ್ಡೀವ್ಸ್‌ನಲ್ಲಿ ಆರಂಭಿಸಿದ ಅಧ್ಯಯನ ಈ ಚುಕ್ಕೆಗಳನ್ನೇ ಆಧರಿಸಿದೆ. ಮುಂದೆ ಅದು ಮ್ಯಾಂಟಾ ಟ್ರಸ್ಟ್ ಎಂಬ ಸಂಸ್ಥೆಯ ಕೆಲಸವಾಯಿತು. ಪ್ರವಾಸಿಗಳು ತೆಗೆದ ಚಿತ್ರಗಳೂ ಅದಕ್ಕೆ ಸೇರುತ್ತ ಹೋಗಿ, ಆ ದೇಶದ ಐದು ಸಾವಿರಕ್ಕೂ ಹೆಚ್ಚು ರೀಫ್ ಮ್ಯಾಂಟಾಗಳನ್ನು ಇಂದು ಒಂದೊಂದಾಗಿ ಗುರುತಿಸಲು ಸಾಧ್ಯವಾಗಿದೆ. ಯಾವ ಹೆಣ್ಣು ಯಾವ ವರ್ಷ ಗರ್ಭ ಧರಿಸಿತ್ತು, ಯಾವುದರ ರೆಕ್ಕೆ ದೋಣಿಗೆ ಸಿಕ್ಕಿ ಗಾಯಗೊಂಡಿತು, ಯಾವುದು ಎಷ್ಟು ವರ್ಷಗಳ ಬಳಿಕ ಮರಳಿ ಬಂತು ಎಂಬ ವಿವರಗಳೆಲ್ಲ ಆ ಚಿತ್ರಗಳಿಂದಲೇ ತಿಳಿದವು.

ಅದೇ ಉಪನ್ಯಾಸದಲ್ಲಿ ಮ್ಯಾಂಟಾದ ಬಾಯಿಯ ಒಳಗಿನ ವ್ಯವಸ್ಥೆಯ ಚಿತ್ರ ತೋರಿಸಿದರು. ನಾವು ಬಳಸುವ ಯಾವ ಜರಡಿಯೂ, ಯಾವ ಸೋಸುಬಟ್ಟೆಯೂ ಸ್ವಲ್ಪ ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಕೊಡವಿ ತೊಳೆಯಬೇಕಾಗುತ್ತದೆ. ಮ್ಯಾಂಟಾ ಗಂಟೆಗಟ್ಟಲೆ ಮೇದರೂ ಅದರ ಜರಡಿ ಕಟ್ಟಿಕೊಳ್ಳುವುದಿಲ್ಲ. ಕಿವಿರಿನ ಪಟ್ಟಿಗಳ ಮೇಲೆ ಎಲೆಯಾಕಾರದ ಸಣ್ಣ ಹಾಲೆಗಳು ಒಂದರ ಹಿಂದೊಂದು ಓರೆಯಾಗಿ ಜೋಡಿಸಿಕೊಂಡಿವೆ. ನೀರು ಅವುಗಳ ನಡುವಿನ ಸಂದಿಗಳಲ್ಲಿ ಸುಳಿಯಾಗಿ ಇಳಿದು ಹೋಗುತ್ತದೆ, ಪ್ಲಾಂಕ್ಟನ್ ಕಣ ಮಾತ್ರ ಹಾಲೆಗೆ ಬಡಿದು ಪುಟಿದು ಗಂಟಲಿನ ಕಡೆಗೆ ಹಾರುತ್ತದೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ತೋರಿಸಿಕೊಟ್ಟಿತು. ಸಂದಿಗಿಂತ ಸಣ್ಣದಾದ ಕಣವೂ ಹೀಗೆ ಪುಟಿದು ಒಳಹೋಗುತ್ತದೆ ಎಂಬುದು ನನಗೆ ಬಹಳ ಸೋಜಿಗದ ವಿಷಯವಾಗಿ ಕಂಡಿತು. ಮ್ಯಾಂಟಾ ಉಸಿರಾಡುವುದೂ ಇದೇ ಕಿವಿರಿನಿಂದ. ನೀರು ಹರಿಯುತ್ತಲೇ ಇರಬೇಕಾದ್ದರಿಂದ ಅದು ಚಲನೆಯನ್ನು ನಿಲ್ಲಿಸುವಂತಿಲ್ಲ.

ಆದರೆ ಈ ಪ್ರಾಣಿಗೆ ಕುತ್ತು ಬಂದಿರುವುದೂ ಅದೇ ಕಿವಿರಿನಿಂದ. ಒಣಗಿಸಿದ ಕಿವಿರಿನ ಪಟ್ಟಿಗಳಿಗೆ ಚೀನಾದಲ್ಲಿ ಔಷಧಿಯ ಹೆಸರಿನಲ್ಲಿ ಬೇಡಿಕೆ ಇದೆ. ಆ ಬೇಡಿಕೆಗಾಗಿ ಹಿಡಿಯುವುದು ಒಂದು ಕಡೆಯಾದರೆ, ಟ್ಯೂನಾಗೆಂದು ಬೀಸಿದ ಬಲೆಗಳಿಗೆ ತಾನಾಗಿ ಸಿಕ್ಕಿ ಸಾಯುವುದು ಇನ್ನೊಂದು ಕಡೆ. ಮಲ್ಪೆ ಬಂದರಿಗೆ 2020ರ ಅಕ್ಟೋಬರ್‌ನಲ್ಲಿ ಸುಮಾರು 750 ಕಿಲೋ ಮತ್ತು 250 ಕಿಲೋ ತೂಕದ ಎರಡು ಭಾರೀ ತೊರಕೆಗಳು ಬಂದದ್ದು, ಅವನ್ನು ಕ್ರೇನಿನಿಂದ ಎತ್ತಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದದ್ದು ನಮ್ಮ ಕಡೆಯವರಿಗೆ ನೆನಪಿರಬಹುದು. ಆ ಚಿತ್ರವನ್ನು ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಬಲೆಗೆ ಬಿದ್ದದ್ದನ್ನು ದಡಕ್ಕೆ ತಂದ ಮೀನುಗಾರರನ್ನು ದೂರುವ ಮಾತು ಇದಲ್ಲ. ಅಂಥ ಒಂದು ಮೀನು ಹೋದರೆ ಅದರ ಜಾಗ ತುಂಬಲು ಎಷ್ಟು ಕಾಲ ಬೇಕು ಎಂಬ ತಿಳಿವಳಿಕೆ ಆಗ ನನಗಿರಲಿಲ್ಲ.

ಬೂತಾಯಿ, ಬಂಗುಡೆಗಳು ಸಾವಿರ ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಒಂದು ವರ್ಷ ಕೈಕೊಟ್ಟರೂ ಕೆಲವು ವರ್ಷಗಳಲ್ಲಿ ಮತ್ತೆ ಬಲೆ ತುಂಬುವುದನ್ನು ನಾವು ನೋಡಿದ್ದೇವೆ. ಮ್ಯಾಂಟಾದ ಲೆಕ್ಕವೇ ಬೇರೆ. ಹೆಣ್ಣು ಪ್ರಾಯಕ್ಕೆ ಬರಲು ಎಂಟರಿಂದ ಹದಿನೈದು ವರ್ಷ ಬೇಕು. ಗರ್ಭದ ಅವಧಿ ಸುಮಾರು ಹನ್ನೆರಡು ತಿಂಗಳು. ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಅದೂ ಒಂದೂವರೆ ಮೀಟರ್‌ನಷ್ಟು ಅಗಲದ್ದು. ತಾಯಿಯ ಹೊಟ್ಟೆಯೊಳಗೆ ಹೊಕ್ಕುಳಬಳ್ಳಿಯಿಲ್ಲದೆ, ಗರ್ಭಕೋಶ ಸ್ರವಿಸುವ ಹಾಲಿನಂತಹ ದ್ರವವನ್ನು ಕುಡಿದು ಅದು ಬೆಳೆಯುತ್ತದೆ. ಮುಂದಿನ ಮರಿಗೆ ಎರಡರಿಂದ ಐದು ವರ್ಷ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚಿನ ಅಂತರ. ಪ್ಲಾಂಕ್ಟನ್ ಕಡಿಮೆಯಾದ ವರ್ಷಗಳಲ್ಲಿ ಗರ್ಭ ಧರಿಸುವ ಹೆಣ್ಣುಗಳೂ ಕಡಿಮೆಯಾಗುತ್ತವೆ. ನಲವತ್ತು ವರ್ಷ ಬದುಕುವ ಹೆಣ್ಣು ತನ್ನ ಆಯುಷ್ಯದಲ್ಲಿ ಕೊಡುವ ಮರಿಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿ ರೀಫ್ ಮ್ಯಾಂಟಾವನ್ನು ಅಪಾಯಕ್ಕೆ ತುತ್ತಾಗಬಲ್ಲ ಪ್ರಭೇದವೆಂದು ಗುರುತಿಸಿದೆ. ದೈತ್ಯ ಮ್ಯಾಂಟಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಳಿವಿನಂಚಿನ ಪಟ್ಟಿಯಲ್ಲಿದೆ. ಮೊಜಾಂಬಿಕ್‌ನ ಇನ್ಹಾಂಬಾನೆ ತೀರದಲ್ಲಿ 2003ರಿಂದ 2011ರವರೆಗಿನ ಅವಧಿಯಲ್ಲಿ ರೀಫ್ ಮ್ಯಾಂಟಾ ಕಾಣಸಿಗುವ ಪ್ರಮಾಣ ಶೇಕಡಾ 88ರಷ್ಟು ಕುಸಿಯಿತು ಎಂದು ಅಲ್ಲಿನ ಅಧ್ಯಯನ ಹೇಳಿತು. ಎಂಟೇ ವರ್ಷದಲ್ಲಿ.

ಮಾಲ್ಡೀವ್ಸ್ ಬೇರೆ ದಾರಿ ಹಿಡಿದ ದೇಶ. ತೊರಕೆಗಳ ರಫ್ತನ್ನು ಅದು 1995ರಲ್ಲೇ ನಿಷೇಧಿಸಿತು, 2014ರಲ್ಲಿ ಎಲ್ಲ ತೊರಕೆ ಪ್ರಭೇದಗಳಿಗೂ ಕಾನೂನಿನ ರಕ್ಷಣೆ ಕೊಟ್ಟಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ, 2013ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ಮ್ಯಾಂಟಾಗಳ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಮೀನುಗಾರಿಕೆಯೇ ಉಸಿರಾಗಿರುವ ಸಣ್ಣ ದೇಶವೊಂದು ಹೀಗೆ ನಿರ್ಧರಿಸಲು ನಮ್ಮಂಥ ಪ್ರವಾಸಿಗಳು ಕೊಡುವ ಹಣವೂ ಒಂದು ಕಾರಣ. ಮ್ಯಾಂಟಾ ನೋಡಲು ಬರುವವರಿಂದ ಮಾಲ್ಡೀವ್ಸ್‌ಗೆ ವರ್ಷಕ್ಕೆ ಸುಮಾರು 81 ಲಕ್ಷ ಡಾಲರ್ ನೇರ ಆದಾಯವಿದೆ ಎಂದು 2011ರಲ್ಲಿ ಪ್ರಕಟವಾದ ಅಂದಾಜೊಂದು ಹೇಳಿತ್ತು. ಕಿವಿರಿಗಾಗಿ ಕೊಂದ ಮ್ಯಾಂಟಾಕ್ಕೆ ಒಂದೇ ಸಲ ಬೆಲೆ ಬರುತ್ತದೆ. ಹಾಗೆಂದು ಪ್ರವಾಸಿಗಳಿಂದ ಮ್ಯಾಂಟಾಗಳಿಗೆ ಹಾನಿಯೇ ಇಲ್ಲವೆಂದು ಹೇಳಲಾರೆ. ನಮ್ಮ ಮೂರನೆಯ ದಿನದ ಅನುಭವ ಅದಕ್ಕೆ ಸಾಕ್ಷಿ.

ಅಂದು ನಮ್ಮ ಹಿಂದಿನ ಗೈಡ್ ಬೇರೆ ಗುಂಪಿನ ಜೊತೆ ಹೋಗಿದ್ದರು. ನಮ್ಮ ದೋಣಿಯಲ್ಲಿ ಹನ್ನೊಂದು ಅತಿಥಿಗಳಿಗೆ ಒಬ್ಬನೇ ಹೊಸ ಗೈಡ್, ತೀರ ಚಿಕ್ಕ ವಯಸ್ಸಿನ ಹುಡುಗ. ನೀರಿಗಿಳಿಯುವ ಮೊದಲಿನ ಸೂಚನೆಗಳು ಎರಡು ನಿಮಿಷಕ್ಕೆ ಮುಗಿದವು. ಮ್ಯಾಂಟಾದಿಂದ ಮೂರು ಮೀಟರ್ ದೂರವಿರಬೇಕೆಂಬ ಮಾತು ಬಂತು, ಅಡ್ಡ ಹೋಗಬಾರದೆಂಬ ಮಾತು ಬರಲಿಲ್ಲ. ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡಿದ್ದ ಒಬ್ಬ ಅತಿಥಿ, ಮೇಯುತ್ತ ಬರುತ್ತಿದ್ದ ಮ್ಯಾಂಟಾದ ನೇರಕ್ಕೆ ಉಸಿರು ಹಿಡಿದು ಮುಳುಗಿ ಕೋಲನ್ನು ಅದರ ಬಾಯಿಯ ಕಡೆಗೆ ಚಾಚಿದರು. ಮ್ಯಾಂಟಾ ಬಾಯಿ ಮುಚ್ಚಿತು. ಬಿಡಿಸಿಕೊಂಡಿದ್ದ ಎರಡು ಕೊಂಬುಗಳು ಚಾಪೆ ಸುತ್ತಿದಂತೆ ಸುತ್ತಿಕೊಂಡವು. ಮರುಗಳಿಗೆಯಲ್ಲಿ ಅದು ಕೆಳಕ್ಕಿಳಿದು ಮಬ್ಬಿನಲ್ಲಿ ಕರಗಿತು, ಹಿಂದೆ ಬರುತ್ತಿದ್ದ ಮೂರು ಮ್ಯಾಂಟಾಗಳೂ ದಿಕ್ಕು ಬದಲಿಸಿದವು. ಆ ಸಾಲು ನಮ್ಮ ಕಡೆಗೆ ಮತ್ತೆ ಬರಲಿಲ್ಲ. ಗೈಡ್ ಅದನ್ನು ನೋಡಿದ, ಏನೂ ಹೇಳಲಿಲ್ಲ. ದೋಣಿಗೆ ಮರಳಿದ ಮೇಲೆ ಆ ಅತಿಥಿ ಎಲ್ಲರಿಗೂ ಚಿತ್ರ ತೋರಿಸುತ್ತಿದ್ದರು, ಹುಡುಗ ನಗುತ್ತ ನಿಂತಿದ್ದ.

ಒಂದು ಮ್ಯಾಂಟಾ ಒಮ್ಮೆ ಬಾಯಿ ಮುಚ್ಚಿದರೆ ಏನಾಯಿತು ಎಂದು ಕೇಳಬಹುದು. ಕೊಲ್ಲಿಯೊಳಗೆ ಪ್ಲಾಂಕ್ಟನ್ ಹೀಗೆ ದಟ್ಟವಾಗಿ ಇರುವುದು ವರ್ಷದಲ್ಲಿ ಕೆಲವು ತಿಂಗಳು, ಆ ತಿಂಗಳುಗಳಲ್ಲಿ ಕೆಲವು ದಿನ, ಆ ದಿನಗಳಲ್ಲಿ ಕೆಲವು ಗಂಟೆ. ಆ ಗಂಟೆಗಳಲ್ಲಿ ದೋಣಿಯ ಮೇಲೆ ದೋಣಿ ಬಂದು ಪ್ರತಿ ಗುಂಪಿನಲ್ಲೂ ಇಂಥ ಒಬ್ಬಿಬ್ಬರಿದ್ದರೆ, ಉಣ್ಣಲು ಬಂದ ಪ್ರಾಣಿ ಅರ್ಧ ಹೊಟ್ಟೆಯಲ್ಲಿ ಹೋಗುತ್ತದೆ. ಗರ್ಭ ಧರಿಸುವುದು ಹೊಟ್ಟೆ ತುಂಬಿದ ಹೆಣ್ಣು. ಮುಟ್ಟುವುದಂತೂ ಇನ್ನೂ ಕೆಟ್ಟದ್ದು: ಮ್ಯಾಂಟಾದ ಮೈಮೇಲೆ ರೋಗಾಣುಗಳಿಂದ ಕಾಪಾಡುವ ಲೋಳೆಯ ಪದರವಿದೆ, ಕೈ ಸವರಿದರೆ ಅದು ಕಿತ್ತು ಬರುತ್ತದೆ. ಸಂಜೆ ಪ್ರವಾಸ ಏರ್ಪಡಿಸಿದವರಲ್ಲಿ ಈ ಘಟನೆಯನ್ನು ಹೇಳಿದಾಗ ಅವರು ಕ್ಷಮೆ ಕೇಳಿದರು, ಮರುದಿನದ ಹಣ ಬಿಟ್ಟುಕೊಡುತ್ತೇವೆಂದೂ ಹೇಳಿದರು. ನನಗೆ ಬೇಕಾಗಿದ್ದದ್ದು ಹಣವಲ್ಲ. ಕೋಲುಗಳನ್ನು ದೋಣಿಯಲ್ಲೇ ಬಿಟ್ಟು ಇಳಿಯಬೇಕೆಂಬ ನಿಯಮ, ಮತ್ತು ಹತ್ತು ಜನರಿಗಿಂತ ಹೆಚ್ಚಿದ್ದರೆ ಎರಡನೆಯ ಗೈಡ್. ಇವೆರಡನ್ನೂ ಬರೆದುಕೊಟ್ಟು ಬಂದಿದ್ದೇನೆ.

ಇನ್ನು ಕೆಲವು ಸಣ್ಣ ಸಂಗತಿಗಳು. ಬಿಲ್ಲಿನಲ್ಲಿ ಪ್ರವೇಶ ಶುಲ್ಕವನ್ನೂ ದೋಣಿಯ ಬಾಡಿಗೆಯನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆದಿದ್ದರು. ಸಂರಕ್ಷಣೆಗೆ ಎಷ್ಟು ಹೋಯಿತು, ಪೆಟ್ರೋಲಿಗೆ ಎಷ್ಟು ಹೋಯಿತು ಎಂಬುದು ಹಣ ಕೊಟ್ಟವರಿಗೆ ಕಾಣಬೇಕು, ಕೇಳಿ ಬರೆಸಿಕೊಳ್ಳಿ. ಬಾಡಿಗೆಗೆ ಕೊಟ್ಟ ಮಾಸ್ಕ್ ಮತ್ತು ಫಿನ್‌ಗಳು ಚೆನ್ನಾಗಿದ್ದವು, ಆದರೆ ಮಕ್ಕಳ ಅಳತೆಯ ಮಾಸ್ಕ್ ಒಂದೇ ಇತ್ತು. ಚಿಕ್ಕ ಮಕ್ಕಳಿದ್ದರೆ ಊರಿನಿಂದಲೇ ಒಯ್ಯುವುದು ಕ್ಷೇಮ. ಸನ್‌ಸ್ಕ್ರೀನ್ ಮೆತ್ತಿಕೊಂಡು ಇಳಿಯುವ ಬದಲು ಉದ್ದ ತೋಳಿನ ಈಜುಡುಗೆ ತೊಡಿ. ಪ್ಲಾಂಕ್ಟನ್ ಚುಚ್ಚುವುದರಿಂದಲೂ ಅದು ಕಾಪಾಡುತ್ತದೆ. ಈಜು ಬಾರದವರಿಗೆ ಲೈಫ್ ಜಾಕೆಟ್ ಕೊಡುತ್ತಾರೆ, ಗೈಡ್ ಹಿಡಿದಿರುವ ರಬ್ಬರ್ ಬಳೆಗೆ ಕೈ ಹಾಕಿ ತೇಲಬಹುದು. ನನ್ನ ಪತ್ನಿ ಎರಡನೆಯ ದಿನ ಹಾಗೆಯೇ 45 ನಿಮಿಷ ಪೂರ್ತಿ ನೀರಿನಲ್ಲಿದ್ದರು.

ಹೋಗುವ ಮನಸ್ಸಿದ್ದವರು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಹುಣ್ಣಿಮೆ ಅಥವಾ ಅಮಾವಾಸ್ಯೆಯನ್ನು ಪಂಚಾಂಗದಲ್ಲಿ ನೋಡಿ, ಅದರ ಹಿಂದೆ ಮುಂದೆ ಎರಡೆರಡು ದಿನ ಸೇರಿಸಿ ಟಿಕೆಟ್ ಮಾಡಿಸಲಿ. ಒಂದೇ ದಿನಕ್ಕೆಂದು ಹೋಗುವುದಾದರೆ ಹೋಗದಿರುವುದೇ ಮೇಲು. ಮುಂಗಡ ಕೊಡುವ ಮೊದಲು ಒಂದು ದೋಣಿಗೆ ಎಷ್ಟು ಅತಿಥಿಗಳು, ಎಷ್ಟು ಗೈಡ್‌ಗಳು ಎಂದು ಕೇಳಿ. ಮ್ಯಾಂಟಾ ಖಂಡಿತ ತೋರಿಸುತ್ತೇವೆ ಎಂದು ಮಾತು ಕೊಡುವವರಿದ್ದರೆ ಬೇರೆಯವರನ್ನು ಹುಡುಕಿ. ಎರಡನೆಯ ದಿನದ ಸೇವೆಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ, ಮೂರನೆಯ ದಿನದ್ದಕ್ಕೆ ಎರಡು. ಹೊಟ್ಟೆಯ ಚುಕ್ಕೆಗಳು ಸ್ಪಷ್ಟವಾಗಿ ಬಂದಿರುವ ಚಿತ್ರ ನಮ್ಮಲ್ಲಿ ಒಂದೇ ಒಂದಿದೆ, ಲಾಗ ಹಾಕುತ್ತಿದ್ದ ಆ ಮ್ಯಾಂಟಾದ್ದು, ಮಗಳು ತೆಗೆದದ್ದು. ತೆಗೆದ ದಿನ, ಸಮಯ, ಜಾಗ ಬರೆದು ಅದನ್ನು ಅವಳೇ ಅಧ್ಯಯನದವರಿಗೆ ಕಳಿಸಿದ್ದಾಳೆ.